ಹನಿಯ ಲೆಕ್ಕ: ಬಸಿರು ಮತ್ತು ಸುಗಂಧ ತೈಲಗಳು



ಬಸಿರಿನಲ್ಲಿ ಸುಗಂಧ ತೈಲ ಬಳಸಬಹುದೇ ಎಂದು ಕೇಳಿದವರಿಗೆ ಇವತ್ತು ಎರಡು ಬಗೆಯ ಉತ್ತರ ಸಲೀಸಾಗಿ ಸಿಗುತ್ತದೆ. ಗಿಡಮೂಲಿಕೆಯದು, ಅಡ್ಡ ಪರಿಣಾಮವೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಎಚ್ಚರ ಹೇಳುವವರು ಮಲ್ಲಿಗೆ, ರೋಸ್‌ಮೆರಿ, ಕ್ಲಾರಿ ಸೇಜ್, ದಾಲ್ಚಿನ್ನಿ ಎಂದು ಮೂವತ್ತು ನಲವತ್ತು ಹೆಸರಿನ ಪಟ್ಟಿ ಕೊಟ್ಟು ಇವನ್ನು ಮೂಸಿಯೂ ನೋಡಬೇಡಿ ಎನ್ನುತ್ತಾರೆ. ಎರಡು ಕಡೆಯವರೂ ‘ಸುಗಂಧ ತೈಲ’ ಎಂಬುದು ಒಂದೇ ವಸ್ತು, ಅದು ಒಂದೋ ಒಳ್ಳೆಯದು ಇಲ್ಲವೇ ಕೆಟ್ಟದ್ದು ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ಬಾಟಲಿಯೊಳಗಿನ ಅಣು ಯಾವುದು, ಅದು ಎಷ್ಟು ಪ್ರಮಾಣದಲ್ಲಿ ಮೈಯೊಳಗೆ ಹೋಗುತ್ತದೆ, ಯಾವ ದಾರಿಯಿಂದ ಹೋಗುತ್ತದೆ, ಬಸಿರಿನ ಎಷ್ಟನೇ ವಾರದಲ್ಲಿ ಹೋಗುತ್ತದೆ ಎಂಬ ನಾಲ್ಕು ಸಂಗತಿ ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. ಅವುಗಳ ಲೆಕ್ಕ ಹಾಕಿ ನೋಡಿದರೆ, ನಾವು ಅಂಜುತ್ತಿರುವ ಲ್ಯಾವೆಂಡರ್ ಪರಿಮಳಕ್ಕಿಂತ ಅಂಜದೆ ಕಪಾಟಿನಲ್ಲಿ ಇಟ್ಟುಕೊಂಡಿರುವ ನೋವಿನ ಮುಲಾಮು, ಕರ್ಪೂರ, ನೀಲಗಿರಿ ಎಣ್ಣೆಗಳೇ ಹೆಚ್ಚು ವಿಚಾರಣೆಗೆ ಅರ್ಹವಾಗಿ ಕಾಣುತ್ತವೆ ಎಂಬುದು ಇವತ್ತು ನಾನು ಮುಂದಿಡುವ ವಾದ.

ಮೊದಲು ವಸ್ತುವನ್ನು ಸರಿಯಾಗಿ ಗುರುತಿಸಿಕೊಳ್ಳೋಣ. ಕೊಬ್ಬರಿ ಎಣ್ಣೆಯದೋ ಹರಳೆಣ್ಣೆಯದೋ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟರೆ ಜಿಡ್ಡಿನ ಕಲೆ ಉಳಿಯುತ್ತದೆ. ನೀಲಗಿರಿ ಎಣ್ಣೆಯ ಹನಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗಿ ಕಾಗದ ಮೊದಲಿನಂತಾಗುತ್ತದೆ. ಮೊದಲನೆಯದು ಗಾಣದಲ್ಲಿ ಹಿಂಡಿದ ಕೊಬ್ಬು. ಎರಡನೆಯದು ಎಲೆಗೆ ಹಬೆ ಹಾಯಿಸಿ, ಆ ಹಬೆಯ ಜೊತೆ ಹಾರಿಬಂದದ್ದನ್ನು ತಣಿಸಿ ಹಿಡಿದ ರಾಸಾಯನಿಕಗಳ ಮಿಶ್ರಣ. ನೀಲಗಿರಿ ಎಲೆಯಲ್ಲಿ ಈ ತೈಲ ಇರುವುದು ಶೇ. 1ರಿಂದ 3ರಷ್ಟು ಮಾತ್ರ, ಹಾಗಾಗಿ 10 ಮಿ.ಲೀ.ಯ ಪುಟ್ಟ ಬಾಟಲಿಯಲ್ಲಿ ಸುಮಾರು ಅರ್ಧ ಕಿಲೋ ಎಲೆಯ ಸಾರ ಕೂತಿರುತ್ತದೆ. ಗುಲಾಬಿಯದಾದರೆ ಒಂದು ಕಿಲೋ ತೈಲಕ್ಕೆ ಮೂರರಿಂದ ನಾಲ್ಕು ಸಾವಿರ ಕಿಲೋ ಹೂ ಬೇಕು. ಇವು ಪರಿಮಳದ ಸಾಮಾನುಗಳು ಮಾತ್ರ ಎಂದು ಭಾವಿಸುವವರು ನಮ್ಮದೇ ಗಂಧದೆಣ್ಣೆಯ ಚರಿತ್ರೆ ನೋಡಬೇಕು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಕೊರಡಿನ ರಫ್ತು ನಿಂತುಹೋದಾಗ ಮೈಸೂರು ಸರ್ಕಾರ 1916ರಲ್ಲಿ ತಾನೇ ಎಣ್ಣೆ ಭಟ್ಟಿ ಇಳಿಸಲು ತೊಡಗಿತಷ್ಟೆ. ಆ ಕಾಲದಲ್ಲಿ ಆ ಎಣ್ಣೆ ಸೋಪಿಗೂ ಅತ್ತರಿಗೂ ಹೋಗುತ್ತಿದ್ದಂತೆ ಔಷಧದ ಅಂಗಡಿಗೂ ಹೋಗುತ್ತಿತ್ತು. ಯುರೋಪಿನ ವೈದ್ಯರು ಅದನ್ನು ಗೊನೊರಿಯಾಕ್ಕೆ ಕ್ಯಾಪ್ಸೂಲಿನಲ್ಲಿ ನುಂಗಿಸುತ್ತಿದ್ದರು. ಔಷಧವಾಗಬಲ್ಲ ವಸ್ತುವಿಗೆ ಔಷಧದ ಎಲ್ಲ ಪ್ರಶ್ನೆಗಳೂ ಅನ್ವಯಿಸುತ್ತವೆ.

ಈಗ ಅಣುವಿನ ವಿಚಾರ. ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಇರುವ ಮಾಸು ಎಲ್ಲವನ್ನೂ ತಡೆಯುವ ಗೋಡೆ ಎಂಬ ನಂಬಿಕೆ ಬಹಳ ಕಾಲ ಇತ್ತು. 1961ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ಥಾಲಿಡೊಮೈಡ್ ಎಂಬ ಔಷಧ ಆ ನಂಬಿಕೆಯನ್ನು ಸಾವಿರಾರು ಅಂಗವಿಕಲ ಶಿಶುಗಳ ಬೆಲೆ ತೆತ್ತು ಒಡೆಯಿತು. ಅಣುತೂಕ ಐನೂರಕ್ಕಿಂತ ಕಡಿಮೆ ಇದ್ದು, ಕೊಬ್ಬಿನಲ್ಲಿ ಕರಗುವ ಗುಣವೂ ಇರುವ ವಸ್ತು ಮಾಸನ್ನು ಸುಲಭವಾಗಿ ದಾಟುತ್ತದೆ. ಥಾಲಿಡೊಮೈಡ್‌ನ ಅಣುತೂಕ 258. ಲ್ಯಾವೆಂಡರ್‌ನ ಲಿನಲೂಲ್ 154, ಪುದೀನದ ಮೆಂತಾಲ್ 156, ಕರ್ಪೂರ 152, ಓಮದ ಥೈಮಾಲ್ 150, ನೋವಿನ ಮುಲಾಮಿನ ಮೀಥೈಲ್ ಸ್ಯಾಲಿಸಿಲೇಟ್ 152. ಎಲ್ಲವೂ ಕೊಬ್ಬಿನಲ್ಲಿ ಕರಗುವಂಥವು. ಆದ್ದರಿಂದ ರಕ್ತಕ್ಕೆ ಸೇರಿದ್ದು ಮಗುವನ್ನು ತಲುಪುತ್ತದೆ ಎಂದೇ ಇಟ್ಟುಕೊಂಡು ಮಾತು ಮುಂದುವರಿಸಬೇಕು. ಆದರೆ ತಲುಪುವುದು ಬೇರೆ, ಕೆಡುಕು ಮಾಡುವುದು ಬೇರೆ. ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಗರ್ಭದ ನೀರಿಗೂ ಬರುತ್ತದೆ, ಅದರಿಂದ ಯಾವ ಶಿಶುವೂ ನೊಂದಿಲ್ಲ. ತಲುಪುವುದನ್ನೂ ಕೆಡುಕನ್ನೂ ಒಂದೇ ಎಂದುಕೊಂಡಾಗಲೇ ಭಯದ ಪಟ್ಟಿಗಳು ಉದ್ದವಾಗುವುದು.

ಎಷ್ಟು ಪ್ರಮಾಣ ಎಂಬುದು ಇಲ್ಲಿ ಬರುತ್ತದೆ. ಒಂದು ಮಿ.ಲೀ. ತೈಲ ಎಂದರೆ ಸುಮಾರು 20 ಹನಿ. ಅರೋಮಾಥೆರಪಿ, ಅಂದರೆ ಸುಗಂಧ ಚಿಕಿತ್ಸೆಯವರು ಬಸುರಿಯರಿಗೆ ಸಾಮಾನ್ಯವಾಗಿ ಹೇಳುವ ಶೇ. 1ರ ಹದ ಎಂದರೆ ಎರಡು ಚಮಚ, ಅಂದರೆ 10 ಮಿ.ಲೀ. ಕೊಬ್ಬರಿ ಎಣ್ಣೆಗೆ ಎರಡು ಹನಿ. ತೂಕದಲ್ಲಿ ಸುಮಾರು 90 ಮಿಲಿಗ್ರಾಂ. ಮೈಗೆ ಹಚ್ಚಿದಾಗ ಹೆಚ್ಚಿನ ಪಾಲು ಗಾಳಿಗೆ ಹಾರುತ್ತದೆ. ಹತ್ತರಲ್ಲಿ ಒಂದು ಪಾಲು ಚರ್ಮದೊಳಗೆ ಇಳಿಯಿತು ಎಂದಿಟ್ಟುಕೊಂಡರೆ ರಕ್ತಕ್ಕೆ ಸೇರುವುದು 9 ಮಿಲಿಗ್ರಾಂ. ಅದೇ ತೈಲವನ್ನು ಒಂದು ಚಮಚ ಕುಡಿದರೆ 4,500 ಮಿಲಿಗ್ರಾಂ. ಎರಡರ ನಡುವೆ ಐನೂರು ಪಟ್ಟು ಅಂತರವಿದೆ. ಚರ್ಮದಿಂದ ರಕ್ತಕ್ಕೆ ಇಳಿಯುವುದಂತೂ ನಿಜ: 1992ರಲ್ಲಿ ವಿಯೆನ್ನಾದ ಸಂಶೋಧಕರು ಲ್ಯಾವೆಂಡರ್ ಬೆರೆಸಿದ ಕಡಲೆಕಾಯಿ ಎಣ್ಣೆಯನ್ನು ಒಬ್ಬ ಗಂಡಸಿನ ಹೊಟ್ಟೆಯ ಮೇಲೆ ತಿಕ್ಕಿ ರಕ್ತ ಪರೀಕ್ಷಿಸಿದಾಗ ಲಿನಲೂಲ್ ಸುಮಾರು 20 ನಿಮಿಷಕ್ಕೆ ಗರಿಷ್ಠ ಮಟ್ಟ ಮುಟ್ಟಿ ಒಂದೂವರೆ ಗಂಟೆಯೊಳಗೆ ಹೆಚ್ಚುಕಡಿಮೆ ಮಾಯವಾಗಿತ್ತು. ಬರುವುದೂ ಬೇಗ, ಹೋಗುವುದೂ ಬೇಗ. ಕೋಣೆಯ ಮೂಲೆಯಲ್ಲಿ ಡಿಫ್ಯೂಸರ್ ಇಟ್ಟಾಗ ಉಸಿರಿನಿಂದ ಒಳಹೋಗುವುದು ಇದಕ್ಕಿಂತಲೂ ಕಡಿಮೆ. ಹೀಗಾಗಿ ಮೂಸುವುದು, ತೆಳುವಾಗಿ ಹಚ್ಚುವುದು, ಕುಡಿಯುವುದು ಈ ಮೂರನ್ನೂ ‘ಬಳಕೆ’ ಎಂಬ ಒಂದೇ ತಲೆಬರಹದ ಕೆಳಗೆ ತರುವ ಯಾವ ಸಲಹೆಯೂ ಸಲಹೆಯಲ್ಲ.

ಸಾಬೀತಾದ ಅನಾಹುತಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ವೈದ್ಯಕೀಯ ಪತ್ರಿಕೆಗಳಲ್ಲಿ 1965 ಮತ್ತು 1973ರಲ್ಲಿ ತುಂಬು ಬಸುರಿಯರು ಕರ್ಪೂರದೆಣ್ಣೆ ಕುಡಿದ ಪ್ರಕರಣಗಳು ವರದಿಯಾದವು. ಹರಳೆಣ್ಣೆಯ ಬದಲು ಕರ್ಪೂರದೆಣ್ಣೆಯ ಸೀಸೆಗೆ ಕೈಹಾಕುವುದು ಅಲ್ಲಿ ಪದೇ ಪದೇ ಆಗುತ್ತಿದ್ದ ತಪ್ಪು. ಕರ್ಪೂರ ಮಗುವಿನ ರಕ್ತದಲ್ಲಿ, ಗರ್ಭದ ನೀರಿನಲ್ಲಿ ಸಿಕ್ಕಿತು. ಒಂದು ಮಗು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಕರ್ಪೂರವನ್ನು ಒಡೆದು ಹೊರಹಾಕಬೇಕಾದ ಯಕೃತ್ತು ಭ್ರೂಣದಲ್ಲಿ ಇನ್ನೂ ಬಲಿತಿರುವುದಿಲ್ಲ. ತಾಯಿ ಅರಗಿಸಿಕೊಂಡದ್ದನ್ನು ಮಗು ಅರಗಿಸಿಕೊಳ್ಳದೆ ಹೋಗಬಹುದು. ಕೊನೆಗೆ 1982ರಲ್ಲಿ ಅಮೆರಿಕ ಕರ್ಪೂರದೆಣ್ಣೆಯ ಮಾರಾಟವನ್ನೇ ನಿಲ್ಲಿಸಿ, ಉಳಿದ ಲೇಪನಗಳಲ್ಲಿ ಕರ್ಪೂರ ಶೇ. 11 ಮೀರಬಾರದು ಎಂದು ಗೆರೆ ಎಳೆಯಿತು. 1978ರಲ್ಲಿ ಕೊಲರಾಡೊದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಗರ್ಭ ಇಳಿಸಿಕೊಳ್ಳಲೆಂದು ಪೆನ್ನಿರಾಯಲ್ ಎಂಬ ಪುದೀನ ಜಾತಿಯ ತೈಲವನ್ನು ಸುಮಾರು 30 ಮಿ.ಲೀ. ಕುಡಿದು ಯಕೃತ್ತು ಕೆಟ್ಟು ಸತ್ತಳು. ಅದರಲ್ಲಿನ ಪ್ಯುಲೆಗೋನ್ ಯಕೃತ್ತಿನಲ್ಲಿ ಇನ್ನಷ್ಟು ವಿಷವಾಗಿ ಮಾರ್ಪಡುತ್ತದೆ. ಈ ಎಲ್ಲ ಪ್ರಕರಣಗಳಲ್ಲೂ ತೈಲ ಹೋದದ್ದು ಬಾಯಿಯಿಂದ, ಚಮಚಗಟ್ಟಲೆ.

ಗರ್ಭ ಕಳೆಯುತ್ತದೆ ಎಂಬ ಕುಖ್ಯಾತಿ ಹಲವು ತೈಲಗಳಿಗೆ ಬಂದದ್ದು ಇಂಥ ಘಟನೆಗಳಿಂದಲೇ. ಆದರೆ ಅಲ್ಲಿ ನಡೆದದ್ದೇನು? ತಾಯಿಗೇ ವಿಷವೇರುವಷ್ಟು ಕುಡಿದಾಗ ಕೆಲವೊಮ್ಮೆ ಗರ್ಭವೂ ಹೋಯಿತು. ಗರ್ಭಕೋಶವನ್ನೇ ಆರಿಸಿ ಕೆಲಸ ಮಾಡುವ ಗುಣ ಅದರಲ್ಲಿತ್ತು ಎನ್ನಲು ಆಧಾರವಿಲ್ಲ. ಪಾರ್ಸ್‌ಲಿಯಿಂದ ತೆಗೆದ ಏಪಿಯಾಲ್ ಇದಕ್ಕೆ ಕರಾಳ ಉದಾಹರಣೆ. 1930ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಗುಟ್ಟಾಗಿ ಮಾರಾಟವಾಗುತ್ತಿದ್ದ ಏಪಿಯಾಲ್ ಗುಳಿಗೆಗಳಿಗೆ ಕ್ರೆಸೈಲ್ ಫಾಸ್ಫೇಟ್ ಎಂಬ ನರವಿಷ ಬೆರೆತು, ನುಂಗಿದ ಹೆಂಗಸರ ಕೈಕಾಲು ಸ್ವಾಧೀನ ತಪ್ಪಿತು. ಇತ್ತ ಅರೋಮಾಥೆರಪಿ ಪುಸ್ತಕಗಳ ‘ಬೇಡ’ ಪಟ್ಟಿಗಳು ಹುಟ್ಟಿದ ರೀತಿಯೇ ಬೇರೆ. ಹಳೆಯ ಮೂಲಿಕೆ ಗ್ರಂಥದಲ್ಲಿ ಒಂದು ಗಿಡದ ಕಷಾಯ ನಿಂತ ಮುಟ್ಟನ್ನು ತರಿಸುತ್ತದೆ ಎಂದಿದ್ದರೆ, ಆ ಗುಣವನ್ನು ಪರೀಕ್ಷೆಯಿಲ್ಲದೆ ಅದರ ತೈಲಕ್ಕೂ, ಬಳಿಕ ಅದರ ವಾಸನೆಗೂ ದಾಟಿಸಲಾಯಿತು. ಕಷಾಯದಲ್ಲಿರುವ ಕಹಿ, ಒಗರು, ಲವಣಗಳಾವುವೂ ಹಬೆಯ ಜೊತೆ ಹಾರಿ ತೈಲಕ್ಕೆ ಬರುವುದಿಲ್ಲ ಎಂಬ ಸರಳ ಸಂಗತಿಯನ್ನು ಯಾರೂ ನೆನೆಯಲಿಲ್ಲ. ಪಟ್ಟಿಯಲ್ಲಿ ನಿಜವಾದ ಅಪರಾಧಿಗಳೂ ಇವೆ: ಸ್ಯಾವಿನ್ ಎಂಬ ಜೂನಿಪರ್ ಜಾತಿಯ ತೈಲದಲ್ಲಿರುವ ಸ್ಯಾಬಿನೈಲ್ ಅಸಿಟೇಟ್ ಇಲಿಗಳ ಗರ್ಭಕ್ಕೆ ಹಾನಿ ಮಾಡಿದೆ. ಆದರೆ ಸ್ಯಾವಿನ್ ಅನ್ನೂ ಮಲ್ಲಿಗೆಯನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರೆ ಓದುವವಳು ಒಂದೋ ಎರಡಕ್ಕೂ ಹೆದರುತ್ತಾಳೆ, ಇಲ್ಲವೇ ತಲೆಗೆ ಮುಡಿದ ಮಲ್ಲಿಗೆಯಿಂದ ಏನೂ ಆಗದ್ದನ್ನು ಕಂಡು ಇಡೀ ಪಟ್ಟಿಯನ್ನೇ ಕಸದ ಬುಟ್ಟಿಗೆ ಹಾಕುತ್ತಾಳೆ.

ನಮ್ಮ ಮನೆಗಳ ಕಪಾಟಿಗೆ ಬರೋಣ. ಸೊಂಟ ನೋವು ಬಸಿರಿನ ಜೊತೆಗೇ ಬರುತ್ತದೆ, ಮುಲಾಮಿನ ಡಬ್ಬಿ ಕೈಗೆಟುಕುವಲ್ಲೇ ಇರುತ್ತದೆ. ಡಬ್ಬಿಯ ಹಿಂಬದಿಯ ಕಿರಿದಾದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದರೆ ಗಂಧಪುರ ತೈಲ, ಕರ್ಪೂರ, ಪುದೀನ ಸತ್ವ, ನೀಲಗಿರಿ ತೈಲ ಎಂಬ ಹೆಸರುಗಳು ಸಾಲಾಗಿ ಸಿಗುತ್ತವೆ. ಗಂಧಪುರ ಎಂದರೆ ನೀಲಗಿರಿ ಬೆಟ್ಟಗಳಲ್ಲೂ ಬೆಳೆಯುವ ವಿಂಟರ್‌ಗ್ರೀನ್ ಗಿಡ. ಅದರ ತೈಲ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಒಡಹುಟ್ಟು. ಅಪ್ಪಟ ತೈಲದ ಒಂದು ಚಮಚದಲ್ಲಿ 325 ಮಿ.ಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ಸ್ಯಾಲಿಸಿಲೇಟ್ ಇರುತ್ತದೆ. ರಕ್ತದೊತ್ತಡ ಏರುವ ಅಪಾಯವಿರುವ ಬಸುರಿಯರಿಗೆ ವೈದ್ಯರೇ ಆಸ್ಪಿರಿನ್ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತಾರೆ: ದಿನಕ್ಕೆ 75ರಿಂದ 150 ಮಿ.ಗ್ರಾಂ, ವಾರ ಎಣಿಸಿ, ಕಾರಣ ಬರೆದು. ಆಸ್ಪಿರಿನ್ ಬಳಗದ ನೋವುನಿವಾರಕಗಳನ್ನು 20ನೇ ವಾರದಿಂದಾಚೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದರೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಅಕಾಲದಲ್ಲಿ ಮುಚ್ಚಿಕೊಳ್ಳುವ ಭಯವೂ ಇದೆ. ಬೆರಳ ತುದಿಯಷ್ಟು ಮುಲಾಮನ್ನು ಒಮ್ಮೆ ಹಚ್ಚಿದರೆ ಇದಾವುದೂ ಆಗುವುದಿಲ್ಲ. ಆದರೆ ದಿನಕ್ಕೆ ಮೂರು ಹೊತ್ತು ಇಡೀ ಬೆನ್ನಿಗೆ ಬಳಿದು, ಮೇಲೆ ಬಿಸಿನೀರಿನ ಚೀಲ ಇಟ್ಟು ವಾರಗಟ್ಟಲೆ ಮುಂದುವರಿಸಿದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಶಾಖ ಹೀರುವಿಕೆಯನ್ನು ಹೆಚ್ಚಿಸುತ್ತದೆ.

ಕರ್ಪೂರ, ನೀಲಗಿರಿಗಳ ವಿಷಯದಲ್ಲಿ ಬೆಂಗಳೂರಿನಿಂದಲೇ ಬಂದ ಸಾಕ್ಷ್ಯವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಬೇರೆ ಆಸ್ಪತ್ರೆಗಳೊಂದಿಗೆ ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಟ್ಸ್ ಬಂದ 350 ವಯಸ್ಕರ ಪೈಕಿ 55 ಜನರಲ್ಲಿ ಅದಕ್ಕೆ ಸುಗಂಧ ತೈಲದ ನಂಟು ಇರಬಹುದೆಂದು ಕಂಡುಬಂತು. ಕಾರಣವೆಂದು ಶಂಕಿಸಿದ್ದು ನೀಲಗಿರಿ ಮತ್ತು ಕರ್ಪೂರ ಬೆರೆತ ಮುಲಾಮು, ಎಣ್ಣೆಗಳನ್ನು. ಹಲವರು ಕುಡಿದವರಲ್ಲ, ಹಚ್ಚಿಕೊಂಡವರು, ಮೂಸಿದವರು. ಇದು ನಂಟು ಮಾತ್ರ, ರುಜುವಾತಲ್ಲ. ಅಧ್ಯಯನ ಬಸುರಿಯರದ್ದೂ ಅಲ್ಲ. ಆದರೂ ನಾನು ಇದನ್ನು ಇಲ್ಲಿ ತರಲು ಕಾರಣವಿದೆ. ದಿನ ತುಂಬಿದ ಬಸುರಿಗೆ ಫಿಟ್ಸ್ ಬಂದರೆ ವೈದ್ಯರು ಮೊದಲು ರಕ್ತದೊತ್ತಡ ಏರಿ ಬರುವ ಎಕ್ಲಾಂಪ್ಸಿಯಾ ಎಂದೇ ಹಿಡಿದು ಚಿಕಿತ್ಸೆ ಶುರುಮಾಡುತ್ತಾರೆ, ಹಾಗೆ ಮಾಡುವುದೇ ಸರಿ. ಹಿಂದಿನ ರಾತ್ರಿ ನೆಗಡಿಗೆಂದು ಹಣೆಗೆ, ಎದೆಗೆ, ಮೂಗಿಗೆ ಏನು ಬಳಿದಿದ್ದರು ಎಂಬ ಪ್ರಶ್ನೆ ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ದೇವಸ್ಥಾನದ ತೀರ್ಥದಲ್ಲಿ ಪಚ್ಚಕರ್ಪೂರ ಇರುತ್ತದಲ್ಲ ಎಂದು ಕೇಳುವವರಿಗೆ ಹೇಳುವುದಾದರೆ, ಒಂದು ಉದ್ಧರಣೆಯಲ್ಲಿ ಇರುವ ಅಂಶ ಅತ್ಯಲ್ಪ. ವಯಸ್ಕರಲ್ಲಿ ವಿಷಲಕ್ಷಣ ಕಾಣಿಸಲು ಬೇಕಾದ ಸುಮಾರು 2 ಗ್ರಾಂನ ಹತ್ತಿರಕ್ಕೂ ಅದು ಬರುವುದಿಲ್ಲ.

ಹಾಗಿದ್ದರೆ ತೆಳುವಾಗಿ ಬಳಸಿದ ಲ್ಯಾವೆಂಡರ್, ನಿಂಬೆಗಳು ನಿರಪಾಯ ಎಂದು ಸಾಬೀತಾಗಿದೆಯೇ? ಈ ಪ್ರಶ್ನೆಯಲ್ಲಿ ತೈಲದ ಪರ ಇರುವವರಿಗೂ ನಾನು ನಿರಾಸೆ ಮಾಡಬೇಕಾಗುತ್ತದೆ. ಅವರು ಮುಂದಿಡುವ ಅತಿ ದೊಡ್ಡ ದಾಖಲೆ ಆಕ್ಸ್‌ಫರ್ಡ್‌ನದು. 1990ರಿಂದ 1998ರವರೆಗೆ ಅಲ್ಲಿನ ಹೆರಿಗೆ ಕೋಣೆಯಲ್ಲಿ 8,058 ತಾಯಂದಿರಿಗೆ ಸೂಲಗಿತ್ತಿ ದಾದಿಯರು ಲ್ಯಾವೆಂಡರ್, ಗುಲಾಬಿ, ಕ್ಲಾರಿ ಸೇಜ್ ಮುಂತಾದ ತೈಲ ಕೊಟ್ಟರು. ವಾಕರಿಕೆ, ತುರಿಕೆಯಂಥ ತೊಂದರೆ ಹೇಳಿದವರು ಸುಮಾರು ಶೇ. 1. ದೊಡ್ಡ ಸಂಖ್ಯೆ, ಒಳ್ಳೆಯ ಸುದ್ದಿ. ಆದರೆ ಅದು ಹೆರಿಗೆ ನೋವಿನ ಹೊತ್ತಿನ ಬಳಕೆ. ಮಗುವಿನ ಕೈಕಾಲು, ಹೃದಯ, ಬೆನ್ನುಹುರಿ ರೂಪುಗೊಳ್ಳುವ ಮೊದಲ ಮೂರು ತಿಂಗಳ ಬಗ್ಗೆ ಅದು ಏನನ್ನೂ ಹೇಳಲಾರದು. ಹೆರಿಗೆ ನೋವಿಗೆ ಅದರಿಂದ ಪ್ರಯೋಜನ ಉಂಟೇ ಎಂದು 2011ರಲ್ಲಿ, ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರನ್ ಸಮೀಕ್ಷೆ ಪರಿಶೀಲಿಸಿದಾಗ ಅರ್ಹವಾಗಿ ಸಿಕ್ಕಿದ್ದು 535 ಹೆಂಗಸರ ಎರಡೇ ಪ್ರಯೋಗ. ತೀರ್ಮಾನಕ್ಕೆ ಅಷ್ಟು ಸಾಲದು ಎಂದಿತು. ಇರಾನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾಕರಿಕೆಯಿದ್ದ 100 ಬಸುರಿಯರ ಪೈಕಿ ನಿಂಬೆ ತೈಲ ಮೂಸಿದವರಿಗೆ ಬಾದಾಮಿ ಎಣ್ಣೆ ಮೂಸಿದವರಿಗಿಂತ ಹೆಚ್ಚು ಸಮಾಧಾನವಾಯಿತು. ಇಲ್ಲಿ ಒಂದು ಸಣ್ಣ ಗಣಿತ ನೆನಪಿಡಬೇಕು: ನೂರು ಜನರಲ್ಲಿ ಒಂದೂ ಅನಾಹುತ ಕಾಣದಿದ್ದರೆ, ನಿಜವಾದ ಅನಾಹುತದ ಪ್ರಮಾಣ ಶೇ. 3ರವರೆಗೂ ಇದ್ದಿರಬಹುದು ಎಂದೇ ಸಂಖ್ಯಾಶಾಸ್ತ್ರ ಓದುತ್ತದೆ. ಯಾವ ತೈಲವನ್ನೂ ಮುಟ್ಟದ ತಾಯಂದಿರಲ್ಲೂ ಜನ್ಮಜಾತ ದೋಷಗಳ ಪ್ರಮಾಣ ಸುಮಾರು ಶೇ. 3 ಇರುತ್ತದೆ. ಅದು ಎರಡು ಪಟ್ಟಾದರೂ ಇಷ್ಟು ಚಿಕ್ಕ ಪ್ರಯೋಗದ ಕಣ್ಣಿಗೆ ಬೀಳದು. ಥಾಲಿಡೊಮೈಡ್ ನಂತರ ಬಸುರಿಯರನ್ನು ಪ್ರಯೋಗಗಳಿಂದಲೇ ದೂರವಿಟ್ಟ ಕಾರಣ ಈ ಖಾಲಿ ಜಾಗ ಬೇಗ ತುಂಬುವಂತೆಯೂ ಇಲ್ಲ.

ಅಜ್ಜಿಯರು ಬಳಸಿದ್ದಾರೆ, ಅದೇ ಸಾಕ್ಷಿ ಎಂಬ ಆಕ್ಷೇಪ ನಮ್ಮಲ್ಲಿ ಖಂಡಿತ ಏಳುತ್ತದೆ. ಅಜ್ಜಿಯರು ಬಳಸಿದ್ದು ಏನನ್ನು? ಸಬ್ಬಸಿಗೆ ಸೊಪ್ಪಿನ ಪಲ್ಯ, ಓಮದ ಕಷಾಯ, ತೇದ ಜಾಯಿಕಾಯಿಯ ಒಂದು ಗೆರೆ, ಎಳ್ಳೆಣ್ಣೆಯ ಅಭ್ಯಂಜನ. ಅದರಲ್ಲೂ ಬಹುಪಾಲು ಬಾಣಂತನದ್ದೇ ಹೊರತು ಬಸಿರಿನದ್ದಲ್ಲ. ಭಟ್ಟಿ ಇಳಿಸಿದ ತೈಲದ ಬಾಟಲಿ ಅವರ ಗೂಡಿನಲ್ಲಿ ಇರಲಿಲ್ಲ, ಇದ್ದರೂ ನೀಲಗಿರಿ ಎಣ್ಣೆಯೊಂದೇ. ಭಾರತದ ಸಬ್ಬಸಿಗೆಯ ತೈಲದಲ್ಲಿ ಗಣನೀಯವಾಗಿ ಇರುವ ಡಿಲ್ಲಾಪಿಯೋಲ್, ಆಗಲೇ ಹೇಳಿದ ಏಪಿಯಾಲ್‌ನ ಅದೇ ಅಣುಸೂತ್ರದ ಜೋಡಿ. ಪಲ್ಯದಲ್ಲಿ ಅದು ರುಚಿ. ತೈಲದ ಚಮಚದಲ್ಲಿ ಬೇರೆಯೇ ವಸ್ತು. ಪರಂಪರೆ ಹೇಳಿದ್ದನ್ನು ಪರಂಪರೆಯ ಪ್ರಮಾಣದಲ್ಲೇ ಪಾಲಿಸುವುದಾದರೆ ನನ್ನ ತಕರಾರಿಲ್ಲ. ಸಾವಿರ ಶಿಶುಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಕಳೆದುಹೋದ ಬಸಿರಿಗೆ ಕಾರಣ ಹುಡುಕುವವರು ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಇದಕ್ಕೆ ವಿರುದ್ಧ ದಿಕ್ಕಿನ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪುರಾವೆ ಇಲ್ಲದ ಮೇಲೆ ಎಲ್ಲವನ್ನೂ ಬೇಡ ಎಂದುಬಿಡಬಾರದೇಕೆ? ವೈದ್ಯರಿಗೆ ಇದು ಸುಲಭದ ದಾರಿ, ಆದರೆ ಅತಿ ಎಚ್ಚರಕ್ಕೂ ಬೆಲೆಯಿದೆ. ಬಸುರಿಯ ವಾಂತಿಗೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಸೇರಿದ ಬೆಂಡೆಕ್ಟಿನ್ ಮಾತ್ರೆಯನ್ನು ಮೂರು ಕೋಟಿಯಷ್ಟು ಹೆಂಗಸರು ಬಳಸಿದ್ದರು. ಮಕ್ಕಳಲ್ಲಿ ಅಂಗದೋಷ ಬರುತ್ತದೆಂಬ ಮೊಕದ್ದಮೆಗಳಿಗೆ ಬೇಸತ್ತು ಕಂಪನಿ 1983ರಲ್ಲಿ ಅದನ್ನು ನಿಲ್ಲಿಸಿತು. ಅಮೆರಿಕದಲ್ಲಿ ಅಂಗದೋಷ ಇಳಿಯಲಿಲ್ಲ. ಏರಿದ್ದು ವಾಂತಿಯಿಂದ ಬಳಲಿ ಆಸ್ಪತ್ರೆ ಸೇರಿದವರ ಸಂಖ್ಯೆ. ಅದೇ ಜೋಡಿ ಔಷಧಕ್ಕೆ 2013ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಆದ್ದರಿಂದ ನಿಂಬೆ ಸಿಪ್ಪೆ ಮೂಸಿಯೋ ನಿಂಬೆ ತೈಲದ ಒಂದು ಹನಿಯನ್ನು ಕರವಸ್ತ್ರಕ್ಕೆ ಬಿಟ್ಟೋ ವಾಕರಿಕೆ ಹಗುರವಾಗುವುದಾದರೆ ಅದನ್ನು ತಡೆಯಲು ನನಗೆ ಕಾರಣ ಕಾಣುವುದಿಲ್ಲ. ಆಸ್ತಮಾ ಇದ್ದವರು, ವಾಸನೆಯಿಂದಲೇ ಹೊಟ್ಟೆ ತೊಳಸುವವರು ದೂರವಿದ್ದರೆ ಸಾಕು. ಮೊದಲ ಮೂರು ತಿಂಗಳು ಮೈಗೆ ತಿಕ್ಕುವುದನ್ನು ಬಿಟ್ಟರೆ ನಷ್ಟವೇನಿಲ್ಲ, ಬರಿಯ ಕೊಬ್ಬರಿ ಎಣ್ಣೆಯ ನೀವುವಿಕೆಯೂ ನೋವಿಗೆ ಅಷ್ಟೇ ಹಿತ. ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಯಾವ ತಿಂಗಳಲ್ಲೂ ಬೇಡ. ಫಿಟ್ಸ್ ಇದ್ದವರಿಗೆ, ರಕ್ತ ತೆಳುಮಾಡುವ ಔಷಧದಲ್ಲಿ ಇರುವವರಿಗೆ ಕರ್ಪೂರ, ಗಂಧಪುರಗಳ ವಿಷಯದಲ್ಲಿ ಇನ್ನೂ ಬಿಗಿಯಾದ ಗೆರೆ ಬೇಕು.

ಈ ಲೆಕ್ಕವೆಲ್ಲ ನಿಂತಿರುವುದು ಬಾಟಲಿಯ ಮೇಲೆ ಬರೆದದ್ದೇ ಒಳಗೂ ಇದೆ ಎಂಬ ನಂಬಿಕೆಯ ಮೇಲೆ. ಅದು ದುರ್ಬಲ ನಂಬಿಕೆ. ನಿಜವಾದ ಲ್ಯಾವೆಂಡರ್‌ನಲ್ಲಿ ಕರ್ಪೂರ ಶೇ. 1ರ ಆಸುಪಾಸು, ಅದರ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಲ್ಯಾವೆಂಡಿನ್‌ನಲ್ಲಿ ಶೇ. 6ರಿಂದ 8. ‘ಥೆರಪ್ಯೂಟಿಕ್ ಗ್ರೇಡ್’ ಎಂಬ ಮುದ್ರೆಯನ್ನು ಯಾವ ಸರ್ಕಾರಿ ಸಂಸ್ಥೆಯೂ ಕೊಡುವುದಿಲ್ಲ, ಮಾರುವವರೇ ಒತ್ತಿಕೊಂಡದ್ದು. ಗೆಳತಿಯರ ಬಳಗದ ಮೂಲಕ ತೈಲ ಮಾರುವ ಜಾಲಗಳಿಗೆ, ಎಬೋಲಾ ಗುಣಪಡಿಸುತ್ತದೆಂಬ ಮಾತಿಗಾಗಿ ಅಮೆರಿಕದ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ಪತ್ರ ಬರೆದಿತ್ತು. ಎಬೋಲಾಕ್ಕೇ ಮದ್ದು ಎನ್ನುವವರು ವಾಕರಿಕೆಗೆ ಎರಡು ಹನಿ ನೀರಲ್ಲಿ ಕುಡಿಯಿರಿ ಎನ್ನಲು ಹಿಂಜರಿಯುವರೇ? ಪ್ರತಿ ಬಾಟಲಿ, ಪ್ರತಿ ಡಬ್ಬಿಯ ಮೇಲೆ ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್, ನೀಲಗಿರಿಯ ಸಿನಿಯೋಲ್‌ಗಳ ಶೇಕಡಾವಾರು ಪ್ರಮಾಣವನ್ನೂ ಬಸಿರಿನ ಎಚ್ಚರಿಕೆಯನ್ನೂ ಕನ್ನಡದಲ್ಲಿ, ಓದಬಲ್ಲ ಗಾತ್ರದಲ್ಲಿ ಮುದ್ರಿಸಬೇಕೆಂದು ಕೇಳುವುದು ಅತಿಯಾಸೆಯೇನಲ್ಲ.

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವ ಪ್ರತಿ ಹೆಣ್ಣುಮಗಳಿಗೂ ಮಾತ್ರೆ ಏನೇನು ನುಂಗುತ್ತೀ ಎಂಬ ಪ್ರಶ್ನೆ ಬರುತ್ತದೆ. ಅದರ ಜೊತೆಗೆ, ಬೆನ್ನಿಗೆ, ಮೂಗಿಗೆ ಏನು ಹಚ್ಚುತ್ತೀ, ಎಷ್ಟು ಸಲ ಎಂಬ ಪ್ರಶ್ನೆಯನ್ನೂ ಸೇರಿಸಲು ಆಶಾ ಕಾರ್ಯಕರ್ತೆಗೆ ಅರ್ಧ ನಿಮಿಷ ಸಾಕು. ಇನ್ನು ಯಾರಾದರೂ ತಪ್ಪಿ ಕುಡಿದೇಬಿಟ್ಟರೆ, ಉಪ್ಪುನೀರು ಕೊಟ್ಟು ವಾಂತಿ ಮಾಡಿಸುವ ನಮ್ಮ ರೂಢಿ ಇಲ್ಲಿ ಕೂಡದು. ತೆಳುವಾದ ಈ ದ್ರವ ವಾಂತಿಯ ಜೊತೆ ಶ್ವಾಸಕೋಶಕ್ಕೆ ಜಾರಿದರೆ ಅಪಾಯ ದುಪ್ಪಟ್ಟಾಗುತ್ತದೆ. ಕರ್ಪೂರವಾದರೆ ವಾಂತಿಯ ನಡುವೆಯೇ ಫಿಟ್ಸ್ ಬರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಆ ಬಾಟಲಿಯನ್ನೂ ಕೊಂಡೊಯ್ಯಬೇಕು. ಒಳಗಿದ್ದದ್ದು ಕರ್ಪೂರವೋ ಸ್ಯಾಲಿಸಿಲೇಟೋ ಎಂಬುದರ ಮೇಲೆ ಅಲ್ಲಿನ ಚಿಕಿತ್ಸೆ ನಿಂತಿರುತ್ತದೆ.